ಅಂಗಳ ದಾಟಿ ಬಂದ ದನಿ

"ಮಂಡೆ ಬಗ್ಸಿ ಅಮ್ಮಾ!" ಎಂದು ಜಲಜ ಕೂಗುವುದಕ್ಕೂ ಕೇಬಲ್ಲು ನನ್ನ ಹಣೆಗೆ ಬಡಿಯುವುದಕ್ಕೂ ಸರಿಹೋಯಿತು.

ಕುಂದಾಪುರದ ಬದಿಯ ಕೋಡಿ ಎಂಬ ಊರಿನ ಆ ಅಂಗಳದಲ್ಲಿ ಮುಂದೊಂದು ಹೆಂಚಿನ ಹಳೆಮನೆ, ಹಿಂದೊಂದು ತಾರಸಿಯ ಹೊಸಮನೆ. ನಡುವಿನ ತೆಂಗಿನಮರಗಳಿಗೆ ನೈಲಾನ್ ಹಗ್ಗ ಬಿಗಿದು, ಅದರುದ್ದಕ್ಕೂ ಎರಡು ಕಪ್ಪು ಕೇಬಲ್ಲು ಎಳೆದಿದ್ದರು. ಒಂದು ದನಿಗೆ, ಒಂದು ಚಿತ್ರಕ್ಕೆ. ಬಿಗಿದು ಎಂದೆನಲ್ಲ, ಅದು ತಪ್ಪು. ಎಳೆದವನು ಜಲಜಳ ಗಂಡ, ದೋಣಿಯವನು. ದಡದಲ್ಲಿ ದೋಣಿ ಕಟ್ಟುವಾಗ ಉಬ್ಬರಕ್ಕೆಂದು ಹಗ್ಗ ಸಡಿಲ ಬಿಡುವ ಅಭ್ಯಾಸವನ್ನು ಮನೆಗೂ ತಂದಿದ್ದ. ನೀರು ಏರಿದರೆ ಮನೆ ತೇಲುತ್ತದೆಯೇ? ಪುಣ್ಯಾತ್ಮ.

"ಬಿಗಿ ಕಟ್ಟುಕೆ ಹೇಳ್ಲಿಲ್ಯಾ ನೀನ್?" ಎಂದೆ, ಹಣೆ ಉಜ್ಜಿಕೊಳ್ಳುತ್ತ.

"ಹೇಳಿದ್ದೆ ಅಮ್ಮ. 'ಸಡ್ಲ ಇಲ್ದಿದ್ರೆ ಗಾಳಿಗ್ ತುಂಡಾತ್ತ್ ಮಾರಾಯ್ತಿ' ಅಂದ್ರ್." ಹೇಳುತ್ತ ಅವಳ ಮುಖದಲ್ಲಿ ಸಣ್ಣ ನಗು ಬಂತು. "ಅವ್ರಿಗೂ ದಿನಾ ಬಡೀತಿತ್ತ್."

ಹೋದ ವರ್ಷದ ಆಷಾಢದಲ್ಲಿ ಅಳಿವೆಯ ಬಾಯಲ್ಲಿ ದೋಣಿ ಮಗುಚಿ ಕಾಣೆಯಾದ ಗೋವರ್ಧನನ ದನಿ ಈಗೀಗ ಶನಿವಾರದ ಸಂಜೆ ಅವನ ಹೆಂಡತಿಯ ಅಡುಗೆಮನೆಯ ಸ್ಪೀಕರಿನಲ್ಲಿ ಕೇಳಿಸುತ್ತಿದೆ. ಅದು ಚಹಾ ಕೇಳುತ್ತದೆ, ಇಟ್ಟ ಲೋಟವೂ ಖಾಲಿಯಾಗುತ್ತದೆ ಎಂದು ಊರೆಲ್ಲ ಸುದ್ದಿ. ನಾನು ಬಂದದ್ದು ಅದಕ್ಕೆ.

ನಾನು ಗೋದಾವರಿ. ಊರು ಸಾಲಿಗ್ರಾಮ. ಪೊಲೀಸ್ ಕೆಲಸ ಬ್ರಹ್ಮಾವರದಲ್ಲಿ ಮುಗಿಸಿ, ಈಗ ಕುಂದಾಪುರದಲ್ಲಿ ಒಂದು ಕೋಣೆ ಹಿಡಿದು, ಜನರ ಕಳೆದುಹೋದದ್ದನ್ನು ಹುಡುಕಿ ಕೊಡುತ್ತೇನೆ. ಹೆಚ್ಚಾಗಿ ಬರುವುದು ಓಡಿಹೋದ ಅಳಿಯಂದಿರ ಕೇಸು. ಸತ್ತವನ ದನಿಯನ್ನು ಹಿಡಿದುಕೊಡಿ ಎಂದವರು ಇದೇ ಮೊದಲು.

ಜಲಜ ನನಗೆ ಕೊಟ್ಟ ಕೆಲಸ ಸ್ಪಷ್ಟವಾಗಿತ್ತು. "ಸುಳ್ಳಾರೆ ಸುಳ್ಳ್ ಅಂದ್ ಹೇಳಿ, ಸೋಮವಾರ ಕರಿಮಣಿ ತೆಗಿತೆ. ಹೌದಾರೆ ಅವ್ರನ್ನ್ ಕರ್ಕಂಡ್ ಬನಿ."

ಸೋಮವಾರ ಗೋವರ್ಧನನ ಬೊಜ್ಜ. ಹೆಣ ಸಿಗದಿದ್ದುದಕ್ಕೆ ದರ್ಭೆಯ ಬೊಂಬೆಯನ್ನೇ ಸುಟ್ಟು ಉತ್ತರಕ್ರಿಯೆ ಮುಗಿಸುವುದೆಂದು ಅವನ ತಮ್ಮ ಜಿತೇಂದ್ರ ನಿಶ್ಚಯಿಸಿದ್ದ. ಅಣ್ಣನ ಕ್ರಿಯೆ ಆಗದೆ ಮನೆಯಲ್ಲಿ ಮಗಳ ಮದುವೆ ಮಾಡುವ ಹಾಗಿಲ್ಲ ಎಂಬುದು ಅವನ ಮಾತು, ತಪ್ಪೆಂದು ಯಾರೂ ಹೇಳುವಂತಿರಲಿಲ್ಲ. ಆ ದಿನ ದೋಣಿಯಲ್ಲಿ ಇದ್ದದ್ದು ಅಣ್ಣತಮ್ಮ ಇಬ್ಬರೇ. ತಮ್ಮ ಈಜಿ ದಡ ಸೇರಿದ.

ಮೊದಲು ಹಳೆಮನೆಗೆ ಹೋದೆ. ಬಲೆ ರಾಶಿ ಹಾಕುತ್ತಿದ್ದ ಕೋಣೆಯನ್ನು ಗೋವರ್ಧನ ತನ್ನ ರೆಕಾರ್ಡಿಂಗ್ ಕೋಣೆ ಮಾಡಿಕೊಂಡಿದ್ದ. ಶನಿವಾರದ ಭಜನೆ ಅಲ್ಲೇ. ಮಿಕ್ಸರು, ಮೈಕು, ಕಂಪ್ಯೂಟರು, ಗೋಡೆಗೆ ಒಂದು ಸಣ್ಣ ಕ್ಯಾಮೆರಾ. ಒಲೆ ಬಿಟ್ಟು ಬರಲಾಗದ ಹೆಂಡತಿಗೆ ಭಜನೆ ತಪ್ಪಬಾರದೆಂದು ಅಷ್ಟುದ್ದದ ಕೇಬಲ್ಲು ಎಳೆದು, ಅವಳ ಅಡುಗೆಮನೆಗೆ ಒಂದು ಟಿ.ವಿ., ಒಂದು ಸ್ಪೀಕರು ಇಟ್ಟಿದ್ದ.

ಮೊದಲ ಸಲ ಎಳೆದಾಗ ಚಿತ್ರವೇ ಬರಲಿಲ್ಲವಂತೆ. ಉದ್ದ ಹೆಚ್ಚಾದರೆ ಚಿತ್ರ ದಾರಿಯಲ್ಲೇ ಸೋಲುತ್ತದೆ ಎಂದು ಕೋಟೇಶ್ವರದ ಮೈಕ್‌ಸೆಟ್ಟಿನ ಸುಜನ್ ಹೇಳಿ, ಎರಡು ತುದಿಗೂ ಒಂದೊಂದು ಸಣ್ಣ ಪೆಟ್ಟಿಗೆ ಹಾಕಿಸಿದ. ಆಮೇಲೆ ಚಿತ್ರ ಬಂತು. ದನಿಯ ಜೊತೆ ಮಾತ್ರ ಒಂದು ಗುಂಯ್ ಎನ್ನುವ ಸದ್ದು ಬಂತು, ಅದು ಕೊನೆಯವರೆಗೂ ಹೋಗಲಿಲ್ಲ. ಎರಡು ಮನೆಗೆ ಎರಡು ಮೀಟರು, ಎರಡು ಅರ್ಥಿಂಗು. ಎರಡನ್ನೂ ಒಂದು ತಂತಿಯಲ್ಲಿ ಕಟ್ಟಿದರೆ ಹಾಗೆಯೇ ಎಂದು ಸುಜನ್ ಕೈಯೆತ್ತಿದ.

"ನಂಗೆ ಆ ಗುಂಯ್ ಬೇಕಿತ್ತ್ ಅಮ್ಮ," ಎಂದಳು ಜಲಜ. "ಅದ್ ಕೇಂಡ್ರೆ ಅವ್ರ್ ಬಂದ್ ಕೂಕಂಡ್ರ್ ಅಂದ್ ಲೆಕ್ಕ. ಮಾತಾಡೂದೇ ಬ್ಯಾಡ."

ನಾನು ಬೆಂಚಿನ ಕಡೆ ತಿರುಗಿದೆ.

ಕಂಪ್ಯೂಟರಿನ ಗುಂಡಿ ಒತ್ತಿದೆ. ಜೀವ ಇಲ್ಲ. ಹಿಂಬದಿ ನೋಡಿದರೆ ಉಪ್ಪುಗಾಳಿ ತಿಂದು ತಂತಿಯೆಲ್ಲ ಹಸಿರುಗಟ್ಟಿದೆ. ಆ ಆಷಾಢದ ಮೇಲೆ ಅದು ಹೊತ್ತಿಯೇ ಇಲ್ಲ ಎಂದಳು ಜಲಜ. ಮಿಕ್ಸರಿನ ಹಿಂದೆ ಕೈ ಹಾಕಿದೆ. ಹೊಸಮನೆಗೆ ಹೋಗುವ ಕೇಬಲ್ಲಿನ ತುದಿ ಅಲ್ಲಿ ಇರಲಿಲ್ಲ! ಬೆಂಚಿನ ಮೇಲೆ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಇಟ್ಟಿತ್ತು.

"ಇದನ್ನ್ ಯಾರ್ ತೆಗ್ದದ್ದ್?"

"ನಾನೇ. ಹಿಂದಿನ್ ಶುಕ್ರವಾರ ಗುಡ್ಗಿತ್ತಲ್ದಾ."

ನಮ್ಮ ಕರಾವಳಿಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಮೊದಲ ಗುಡುಗು ಕೇಳಿದರೆ ಹೆಂಗಸರು ಒಣಗಲು ಹಾಕಿದ ಬಟ್ಟೆಗೂ ಮೊದಲು ಟಿ.ವಿ. ತಂತಿ ಕಿತ್ತುಹಾಕುತ್ತಾರೆ. ಎರಡು ಮನೆಯ ನಡುವೆ ಬಯಲಲ್ಲಿ ನೇತಾಡುವ ಕೇಬಲ್ಲು ಎಂದರೆ ಸಿಡಿಲಿಗೆ ಚಾಪೆ ಹಾಸಿದ ಹಾಗೆ. ಕೀಳುವುದು ರೂಢಿ. ಮತ್ತೆ ಹಾಕಲು ಮರೆಯುವುದೂ ರೂಢಿ.

"ಆಮೇಲ್ ವಾಪಸ್ ಹಾಕ್ಲಿಲ್ಯಾ?"

"ಇಲ್ಲೆ."

"ಮರುದಿನ ಶನಿವಾರ ದನಿ ಬಂತ್?"

"ಬಂತ್."

"ಗುಂಯ್ ಇತ್ತಾ?"

ಜಲಜ ನನ್ನ ಮುಖ ನೋಡಲಿಲ್ಲ. ಸೆರಗಿನ ತುದಿಯಿಂದ ಮೈಕಿನ ಧೂಳು ಒರೆಸುತ್ತ, "ಇರ್ಲಿಲ್ಲೆ," ಎಂದಳು.

ಅಲ್ಲಿಗೆ ಅರ್ಧ ಕೇಸು ಮುಗಿಯಿತು. ದನಿ ಅಂಗಳ ದಾಟಿ ಬಂದದ್ದಲ್ಲ. ಹೊಸಮನೆಯೊಳಗೇ ಹುಟ್ಟಿ, ಹೊಸಮನೆಯೊಳಗೇ ಕೇಳಿಸಿದ್ದು. ನನ್ನ ಮೊದಲ ಅನುಮಾನ ಸುಜನನ ಮೇಲಿತ್ತು. ಇಂಥ ಕೈಚಳಕ ಅವನಿಗೆ ನೀರು ಕುಡಿದ ಹಾಗೆ. ಆದರೆ ಆ ಶನಿವಾರ ಅವನು ಹಾಲಾಡಿಯ ಮದುವೆಯೊಂದರಲ್ಲಿ ಮೈಕು ಹಿಡಿದು ನಿಂತದ್ದನ್ನು ನಾನೇ ವಿಚಾರಿಸಿ ಬಂದಿದ್ದೆ. ಜಿತೇಂದ್ರನಿಗೆ ಅಣ್ಣ ಸತ್ತನೆಂದಾದರೆ ಅನುಕೂಲ. ಅಣ್ಣನ ದನಿ ಕೇಳಿಸಿ ಅವನಿಗೆ ಆಗಬೇಕಾದ್ದೇನು?

ಹೊಸಮನೆಯಲ್ಲಿ ಅಡುಗೆಮನೆಗೆ ತಾಗಿದ ಕೋಣೆಯ ಕಿಟಕಿಯಿಂದ ಕೇಬಲ್ಲು ಒಳಗೆ ಬರುತ್ತದೆ. ಅಡುಗೆಮನೆಯ ಸ್ಪೀಕರಿಗೆ ದನಿ ಕೊಡುವ ಪೆಟ್ಟಿಗೆಯೂ ಅಲ್ಲೇ. ಅಡುಗೆಮನೆಯ ಟಿ.ವಿ. ಹೊತ್ತಿಯೇ ಇತ್ತು. ಚಿತ್ರ ಇಲ್ಲ, ಬರೀ ನೀಲಿ. ಬೆಳಿಗ್ಗೆ ಒಲೆ ಹೊತ್ತಿಸುವಾಗ ಅದನ್ನೂ ಹಾಕುತ್ತಾಳಂತೆ, ಏನೂ ಬಾರದೆಂದು ಗೊತ್ತಿದ್ದೂ. ಕರೆಂಟು ದಂಡ ಎಂದು ಹೇಳುವ ನಾಲಿಗೆ ನನ್ನದು. ಅಂದು ಅದನ್ನು ಬಿಟ್ಟು ಪೆಟ್ಟಿಗೆ ನೋಡಲು ಬಗ್ಗಿದೆ.

ಪೆಟ್ಟಿಗೆಯ ಹಿಂದೆ ಒಂದು ಗಿಡ್ಡ ತಂತಿ ಸಿಕ್ಕಿತು. ಒಂದು ತುದಿ ಪೆಟ್ಟಿಗೆಗೆ, ಇನ್ನೊಂದು ತುದಿ ಮೊಬೈಲಿಗೆ ಸಿಕ್ಕಿಸುವಂಥದ್ದು. ಅಚ್ಚುಕಟ್ಟಾಗಿ ಸುತ್ತಿ, ಕೂದಲಿಗೆ ಹಾಕುವ ಹಸಿರು ರಬ್ಬರಿನಲ್ಲಿ ಬಿಗಿದಿತ್ತು.

"ಈ ಕೋಣೆಲ್ ಯಾರ್ ಇಪ್ಪುದ್?"

"ಚಂದನಾ. ಜಿತೇಂದ್ರನ್ ಮಗ್ಳ್. ಅವ್ರ್ ಹೋದ್ಮೇಲೆ ನಂಗೆ ಜೊತಿಗ್ ಇಲ್ಲೇ ಮಲ್ಕಂತ್ಲ್."

ಚಂದನಾ ಹಿತ್ತಿಲಲ್ಲಿ ಬಂಗಡೆ ತೊಳೆಯುತ್ತಿದ್ದಳು. ಕುಂದಾಪುರದ ಕಾಲೇಜು ಮುಗಿಸಿ, ಮದುವೆಗೆ ಕಾಯುತ್ತಿದ್ದ ಹುಡುಗಿ. ನಾನು ಹಸಿರು ರಬ್ಬರನ್ನು ಬೆರಳಿಗೆ ಹಾಕಿಕೊಂಡು ಹೋಗಿ ಎದುರು ನಿಂತೆ. ಅವಳ ಒದ್ದೆ ಕೈ ತಾನಾಗಿ ಜಡೆಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ, ಇಲ್ಲಿ ಜಡೆಗೆ ಬಂಗಡೆಯ ಹುರುಪೆಯೂ ಅಂಟಿತು.

"ಎಷ್ಟ್ ಸಲ ಹಾಕ್ದೆ?"

"ಎಂತ ಮೇಡಂ?"

"ನಿನ್ ದೊಡ್ಡಪ್ಪಯ್ಯನ್ ದನಿ."

ಅವಳು ಎದ್ದು ನಿಂತಳು, ಮತ್ತೆ ಕುಳಿತಳು. "ದೊಡ್ಡಮ್ಮನಿಗ್ ಹೇಳ್ಬೇಡಿ ಮೇಡಂ. ಕಾಲಿಗ್ ಬೀಳ್ತೆ."

"ಕಾಲ್ ಆಮೇಲೆ. ಮೊದ್ಲ್ ಕಾರಣ ಹೇಳ್. ಬೊಜ್ಜ ತಪ್ಪುಕೆ? ಮದುವಿ ಬ್ಯಾಡ್ದಾ ನಿಂಗೆ?"

"ಮದುವಿ ಅಲ್ಲ!" ಹುಡುಗಿಗೆ ಸಿಟ್ಟೇ ಬಂತು. "ದೊಡ್ಡಮ್ಮ ಉಂಬುದೇ ಬಿಟ್ಟಿದ್ರ್. ಒಲಿ ಹೊತ್ತಿಸುದ್, ಸುಮ್ನೆ ಆ ನೀಲಿ ಟಿ.ವಿ. ಕಾಂತಾ ಕೂಕಂಬುದ್. ಒಂದ್ ದಿನ ಅಳಿವಿ ಬದಿಗ್ ಹೋಯಿ ನೀರಲ್ ನಿಂತಿದ್ರ್, ನಾನೇ ಎಳ್ಕಂಡ್ ಬಂದೆ. ಅದೊಂದ್ ಶನಿವಾರ, ಆವತ್ತೇ ದನಿ ಹಾಕ್ದೆ. ಕೇಂಡದ್ದೇ ಎದ್ರ್, ಚಾ ಮಾಡ್ರ್, ಹಳಿಮನಿಗ್ ಕೊಂಡ್ಹೋಯಿ ಇಟ್ರ್. ಬಂದ್ ಗಂಜಿ ಉಂಡ್ರ್."

"ಲೋಟ ಖಾಲಿ ಆತಿತ್ತಂಬ್ರಲೇ, ಅದನ್ನ್ ಕುಡ್ದದ್ದ್ ಯಾರ್?"

"ನಾನೇ." ತಲೆ ತಗ್ಗಿಸಿದಳು. "ತಣ್ದ್ ಹೋಯಿರತ್ತ್. ಆದ್ರೂ ಚೆಲ್ಲುಕೆ ಮನ್ಸ್ ಬರ್ಲಿಲ್ಲೆ."

ನಾನು ಬೈಯಲು ಬಂದವಳು. ಆ ಮಾತಿನ ಮೇಲೆ ಬೈಗುಳ ಬರಲಿಲ್ಲ. ಆದರೆ ಪೊಲೀಸ್ ಬುದ್ಧಿ ಮೈ ಬಿಟ್ಟು ಹೋಗುವುದಿಲ್ಲ.

"ದನಿ ಎಲ್ ಸಿಕ್ತ್?"

"ಹಳಿಮನಿ ಕಂಪ್ಯೂಟರಲ್ ಇತ್ತ್. ಮೊಬೈಲಿಗ್ ಹಾಕ್ಕಂಡೆ."

"ಚಂದನಾ, ಆ ಕಂಪ್ಯೂಟರ್ ಆಷಾಢದ್ ಮೇಲೆ ಹೊತ್ತಿಯೇ ಇಲ್ಲೆ. ಒಂದ್ ಸುಳ್ಳಿಗೆ ನಾನ್ ಪಾಪ ಅಂದೆ. ಎರಡ್ನೇದಕ್ಕ್ ಅಂಬುದಿಲ್ಲೆ."

ಅವಳು ಬಾಯಿ ತೆರೆಯುವ ಮೊದಲು ಹಿಂದಿನಿಂದ ಜಲಜಳ ಮಾತು ಬಂತು.

"ಹೆದ್ರ್‌ಬೇಡ ಮಗಾ. ಹೇಳ್. ನಂಗ್ ಮೊದ್ಲಿನ್ ದಿನವೇ ಗೊತ್ತಿತ್ತ್, ಹಾಕೂದ್ ನೀನೇ ಅಂದ್."

ಬಾಗಿಲ ದಾರಂದಕ್ಕೆ ಒರಗಿ ನಿಂತಿದ್ದಳು. ಚಂದನಾ ಅಳಲು ಶುರುಮಾಡಿದಳು. ನನಗಾದರೋ ಮೈ ಉರಿಯಿತು.

"ಗೊತ್ತಿತ್ತಾ? ಹಾಂಗಾರೆ ನನ್ನನ್ನ್ ಎಂತಕ್ ಕರ್ಸಿದ್ದ್? ಹಣಿ ಬಡ್ಸ್‌ಕಂಬುಕಾ?"

"ಸ್ಪೀಕರಲ್ಲಿ ಗುಂಯ್ ಇಲ್ದೇ ಅವ್ರ್ ದನಿ ನಾನ್ ಕೇಂಡದ್ದೇ ಇಲ್ಲೆ ಅಮ್ಮ. ಮೊದ್ಲಿನ್ ಸಲವೇ ಗೊತ್ತಾಯ್ತ್. ಆದ್ರೂ ನಂಬಿಕಿ ಬರುಕೆ ಆ ಶುಕ್ರವಾರ ಗುಡ್ಗಿನ್ ನೆವ ಮಾಡಿ ತಂತಿ ತೆಗ್ದ್ ಇಟ್ಟೆ. ಮರುದಿನವೂ ಬಂತ್." ಅವಳು ನಿಧಾನವಾಗಿ ಬಂದು ಚಂದನಾಳ ಪಕ್ಕ ಕುಳಿತಳು. "ಈ ಹೆಣ್ಣನ್ನ್ ಕೇಂಡ್ರೆ ಹಾಕೂದ್ ನಿಲ್ಲಿಸ್ತ್ಲ್. ಮತ್ತೆ ಆ ದನಿ ಇಲ್ಲೆ. ಅದ್ಕೇ ನನ್ ಬಾಯಿ ಬರ್ಲಿಲ್ಲೆ. ನೀವ್ ಕೇಣಿ ಅಂದ್ ಕರ್ಸ್ದೆ."

"ಎಂತ ಕೇಂಬುದ್?"

"ಆ ದನಿ ಹಾಕ್ ಮಗಾ," ಎಂದಳು.

ಚಂದನಾ ಕೈ ಒರೆಸಿಕೊಂಡು ಮೊಬೈಲು ಒತ್ತಿದಳು. ಗೋವರ್ಧನನ ದನಿ ನಾನು ಕೇಳಿದ್ದು ಅದೇ ಮೊದಲು. ಭಜನೆ ಹಾಡಿ ಪಳಗಿದ, ಸ್ವಲ್ಪ ಒಡೆದ ದನಿ.

"ಜಲಜಾ, ಒಂದ್ ಚಾ ತಕಂಡ್ ಬಾ. ನಂಗ್ ಅಲ್ಲಿಗ್ ಬಪ್ಪುಕೆ ಆತಿಲ್ಲೆ."

ಅಷ್ಟೇ.

"ಕೇಂಡ್ರಿಯಾ ಅಮ್ಮ?" ಜಲಜ ನನ್ನತ್ತ ತಿರುಗಿದಳು. "ಅವ್ರ್ ಮೈಕಿನಲ್ಲಿ ದಿನಾ ಹೇಳೂದ್ ಒಂದೇ. 'ಚಾ ಇಡ್, ನಾ ಬತ್ತೆ.' ನಂಗ್ ಒಲಿ ಬಿಟ್ಟ್ ಹೋಪುಕ್ ಆತಿಲ್ಲೆ ಅಂದ್ ಗೊತ್ತಿದ್ದ್, ಅವ್ರೇ ಅಂಗ್ಳ ದಾಟಿ ಬತ್ತಿದ್ರ್. ಎಷ್ಟ್ ಕೆಲ್ಸ ಇರ್ಲಿ, ಮಳಿ ಇರ್ಲಿ. ಒಂದ್ ದಿನಕ್ಕೂ ನನ್ನನ್ನ್ 'ತಕಂಡ್ ಬಾ' ಅಂದವ್ರಲ್ಲ. ಈ ಮಾತ್ ಅವ್ರ್ ಈ ಮನಿಲ್ ಹೇಳಿದ್ದಲ್ಲ ಅಮ್ಮ. ಇದ್ ಮತ್ತೆಲ್ಲೋ ಕೂಕಂಡ್ ಹೇಳಿದ್ದ್. ಬಪ್ಪುಕೆ ಆತಿಲ್ಲೆ, ನೀನೇ ಬಾ ಅಂತಿದ್ರ್."

ಹಿತ್ತಿಲಲ್ಲಿ ಬಂಗಡೆಯ ಮೇಲೆ ನೊಣ ಕೂರುತ್ತಿತ್ತು, ಓಡಿಸಲು ಯಾರಿಗೂ ಕೈ ಏಳಲಿಲ್ಲ. ಊರಿಡೀ ಚಹಾ ಕೇಳುವ ಪ್ರೇತವೆಂದು ಆಡಿಕೊಂಡಿತ್ತು. ನಾನೂ ಅದನ್ನು ಚಹಾದ ಮಾತೆಂದೇ ತಿಳಿದಿದ್ದೆ. ಹೆಂಡತಿಯೊಬ್ಬಳಿಗೆ ಮಾತ್ರ ಅದು ಕರೆ ಎಂದು ಕೇಳಿಸಿತ್ತು.

"ಚಂದನಾ," ಎಂದೆ. ಈ ಸಲ ನನ್ನ ದನಿಯಲ್ಲಿ ಪೊಲೀಸು ಇರಲಿಲ್ಲ. "ಎಲ್ಲಿಂದ ಬಂತ್ ಮಗಾ ಇದ್?"

"ನನ್ ಮೊಬೈಲಿಗೇ ಬಂದದ್ದ್." ಬಿಕ್ಕುತ್ತ ಹೇಳಿದಳು. "ಈ ಸಲದ್ ಗಣೇಶನ್ ಹಬ್ಬ ಕಳ್ದ್ ಸ್ವಲ್ಪ ದಿನಕ್ಕೆ. ಗೊತ್ತಿಲ್ದಿದ್ ನಂಬರ್. ವಾಪಸ್ ಫೋನ್ ಮಾಡ್ರೆ ಸ್ವಿಚ್ ಆಫ್."

ಗಂಡಹೆಂಡಿರಿಗೆ ಇದ್ದದ್ದು ಒಂದೇ ಮೊಬೈಲು, ಅದು ಗೋವರ್ಧನನ ಕಿಸೆಯಲ್ಲೇ ಕಡಲಿಗೆ ಹೋಗಿತ್ತು. ಚಂದನಾಳಿಗೆ ಮೊಬೈಲು ಕೊಡಿಸಿದವನು ಅವನೇ. ಅವನಿಗೆ ಬಾಯಿಪಾಠ ಬರುವ ನಂಬರು ಅದೊಂದೇ ಇದ್ದೀತು.

"ಯಾರಿಗಾರೂ ಹೇಳಿದ್ಯಾ?"

"ಅಪ್ಪಯ್ಯನಿಗೆ."

"ಎಂತ ಅಂದ?"

"ಯಾರೋ ಹಳಿ ರೆಕಾರ್ಡ್ ಹಾಕಿ ಚೇಷ್ಟೆ ಮಾಡ್ತಿದ್ರ್, ಅಳ್ಸ್ ಬಿಡ್, ದೊಡ್ಡಮ್ಮನ್ ಕಿವಿಗ್ ಬಿದ್ರೆ ಎದಿ ಒಡ್ಕಂಡ್ ಸಾಯ್ತ್ರ್ ಅಂದ್ರ್. ನಂಗೆ ಅಳ್ಸುಕ್ ಆಯ್ಲಿಲ್ಲೆ. ಹೇಳುಕೂ ಆಯ್ಲಿಲ್ಲೆ. ಅದ್ಕೇ ಸ್ಪೀಕರಿಗ್ ಹಾಕ್ದೆ."

ಜಿತೇಂದ್ರ. ಬೊಜ್ಜದ ದಿನ ಗೊತ್ತುಮಾಡಿದ್ದು ಗಣೇಶನ ಹಬ್ಬ ಕಳೆದ ಮೇಲೆಯೇ. ಅಲ್ಲಿಯವರೆಗೆ, "ಕಾಂಬ, ಕಡ್ಲ್ ಕೊಟ್ರೂ ಕೊಟ್ಟೀತ್" ಎನ್ನುತ್ತಿದ್ದವನು ಆಮೇಲೆ ಒಮ್ಮೆಲೇ ಅವಸರಕ್ಕೆ ಬಿದ್ದಿದ್ದ ಎಂದು ನನಗೆ ಜಲಜಳೇ ಹೇಳಿದ್ದಳು. ಮಗಳ ಮದುವೆಯ ಅವಸರವೆಂದು ನಾನು ಬದಿಗೆ ಸರಿಸಿದ್ದೆ. ಅಡ್ಡಗೋಡೆಯ ಮೇಲಿಟ್ಟ ದೀಪ ಈಗ ಒಂದು ಬದಿಗೆ ವಾಲಿತು.

ನಂಬರು ತೆಗೆದುಕೊಂಡು ನನ್ನ ಮೊಬೈಲಿನಿಂದ ಒತ್ತಿದೆ. ಸ್ವಿಚ್ ಆಫ್ ಎಂಬ ಹೆಂಗಸಿನ ರಾಗಕ್ಕೆ ಕಿವಿ ತಯಾರು ಮಾಡಿಕೊಂಡಿದ್ದೆ.

ರಿಂಗ್ ಆಯಿತು!

ಜಲಜ ನನ್ನ ಮೊಣಕೈ ಹಿಡಿದಳು. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಬಲೆ ಎಳೆಯುವವರ ಮನೆಯವಳು ಎಂದು ಆಗ ನೆನಪಾಯಿತು. ಮೂವರಿಗೂ ಕೇಳಲೆಂದು ನಾನು ಮೊಬೈಲನ್ನು ಜೋರು ಮಾಡಿ ನಡುವೆ ಹಿಡಿದೆ.

"ಹಲೋ?" ಹೆಂಗಸಿನ ದನಿ. ನಮ್ಮದೇ ಭಾಷೆ. ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು. "ಹಲೋ, ಯಾರ್?"

ನಾನು ಮಾತಾಡಬೇಕಿತ್ತು. ಜಲಜ ಮುಂದಾದಳು.

"ನಾನ್... ಕೋಡಿಯಿಂದ. ಜಲಜ."

ಆ ಕಡೆಯಿಂದ ಬಂದ ಮಾತು ಅಳುವಿನಲ್ಲಿ ಅರ್ಧ ಒದ್ದೆಯಾಗಿತ್ತು.

"ಅಯ್ಯೋ ದೇವ್ರೇ, ಜಲಜಕ್ಕನಾ? ಇಷ್ಟ್ ದಿನ ಬೇಕಾಯ್ತಾ ಅಕ್ಕ ನಿಮ್ಗೆ? ಆ ಮನ್ಷ ದಿನಾ ಬಾಗ್ಲ್ ಕಾಂತಾ ಮಲ್ಗಿರತ್ತ್."

ಕೇಳಬೇಕಾದ್ದನ್ನೆಲ್ಲ ವರ್ಷವಿಡೀ ಒಳಗೇ ಇಟ್ಟುಕೊಂಡ ಜಲಜಳಿಗೆ ಯಾವುದು ಮೊದಲು ಎಂದು ತಿಳಿಯಲಿಲ್ಲ. ಕೊನೆಗೆ, "ಉಣ್ತ್ರಾ?" ಎಂದು ಕೇಳಿದಳು.

ಎಲ್ಲಿದ್ದಾರೆ ಎಂದಲ್ಲ, ಏನಾಯಿತು ಎಂದಲ್ಲ. ಉಣ್ಣುತ್ತಾರಾ ಎಂದು! ನನ್ನ ಕಣ್ಣು ತುಂಬಿತು. ಯಾರು ಏನೇ ಅನ್ನಲಿ, ತುಂಬಿತು.

"ಉಣ್ತಿದ್ರ್ ಅಕ್ಕ. ಸೊಂಟದ್ ಕೆಳ್ಗೆ ಸ್ವಾಧೀನ ಇಲ್ದಿದ್ರೂ ಬಾಯಿಗ್ ಕೊಟ್ಟದ್ದ್ ಉಣ್ತಿದ್ರ್. ಮೊನ್ನೆ ನಿಮ್ ಜಿತೇಂದ್ರಣ್ಣ ಮತ್ತ್ ಬಂದ್ ಹೋದ್ರಲೇ, ಆವತ್ತಿಂದ ನೀರೂ ಬ್ಯಾಡ ಅಂತಿದ್ರ್."

"ಅಪ್ಪಯ್ಯ?" ಎಂದಳು ಚಂದನಾ.

"ಅವ್ರ್ ನನ್ ಮೊಬೈಲ್ ಕಸ್ಕಂಡ್ ಇಷ್ಟ್ ದಿನ ಇಟ್ಕಂಡಿದ್ರ್," ಎಂದಿತು ಆ ದನಿ, ಅವಸರದಲ್ಲಿ. "ಮೊನ್ನೆ ಬಂದಾಗ ಅವ್ರ್ ಕಿಸಿಯಿಂದ ನಾನೇ ವಾಪಸ್ ತೆಗ್ದದ್ದ್. ಬಪ್ಪುದಾರೆ ಇವತ್ತೇ ಬನಿ ಅಕ್ಕ. ಬೈಂದೂರ್ ಸ್ಟೇಶನಲ್ ಇಳ್ದ್—"

ಅಂಗಳದ ಗೇಟು ಕಿರುಗುಟ್ಟಿತು.

"ಅತ್ತಿಗೇ!" ಜಿತೇಂದ್ರನ ಕೂಗು. ಮನೆಯ ಬದಿಯಿಂದ ಸುತ್ತಿ ಹಿತ್ತಿಲಿಗೇ ಬಂದ. ಬಗಲಲ್ಲಿ ಬಾಳೆಲೆಯಲ್ಲಿ ಸುತ್ತಿದ ದರ್ಭೆಯ ಕಟ್ಟು. "ಭಟ್ರ್ ಸೋಮವಾರ ಬೆಳ್ಗಾತವೇ ಬತ್ರಂಬ್ರ್. ನೀವ್ ಆ ದಿನ..."

ನಮ್ಮ ಮೂವರ ಮುಖ ಕಂಡು ಅಲ್ಲೇ ನಿಂತ. ಆಮೇಲೆ ನನ್ನ ಕೈಯಲ್ಲಿದ್ದ ಮೊಬೈಲು ಕಂಡ.

ನಾನು ಬೆರಳಿಟ್ಟು ದನಿ ಮುಚ್ಚಬೇಕಿತ್ತು. ಮೂವತ್ತು ವರ್ಷ ಕಳ್ಳರನ್ನು ಹಿಡಿದವಳಿಗೆ ಹೊತ್ತಿಗೆ ಸರಿಯಾಗಿ ಅದೇ ಮರೆತುಹೋಯಿತು.

ಜಲಜ ಎದ್ದು ನಿಂತಳು. ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

"ಮೊನ್ನೆ ಎಲ್ಲಿಗ್ ಹೋಯಿದ್ದೆ ಜಿತೇಂದ್ರಾ?"

ಅವನು ಉತ್ತರಿಸುವ ಮೊದಲು ಮೊಬೈಲಿನಿಂದಲೇ ಮಾತು ಬಂತು. "ಅಕ್ಕಾ, ಅಲ್ಲಿ ಬಂದದ್ದ್ ಅವ್ರೇ ಅಲ್ದಾ? ಆ ದನಿ ನಂಗ್ ಗೊತ್ತಿತ್ತ್. ಇಲ್ಲಿ ಮಲ್ಗಿದ್ ನಿಮ್ಮವ್ರಿಗೂ ಕೇಂಡ್ತ್. ಇವ್ರ್ ನಡುಗ್ತಿದ್ರ್ ಅಕ್ಕ..."

ಫೋನ್ ಕಟ್ಟಾಯಿತು. ಮತ್ತೆ ಒತ್ತಿದೆ, ಸ್ವಿಚ್ ಆಫ್.

ಜಿತೇಂದ್ರ ದರ್ಭೆಯ ಕಟ್ಟನ್ನು ತೊಳೆಯುವ ಕಲ್ಲಿನ ಮೇಲೆ ಇಟ್ಟ. ಅವನ ಕಣ್ಣಲ್ಲಿ ಹೆದರಿಕೆ ಇತ್ತು, ಆದರೆ ಅದು ಸಿಕ್ಕಿಬಿದ್ದವನ ಹೆದರಿಕೆಯಲ್ಲ. ಅಂಥದ್ದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

"ನೀವ್ ಹೋಯ್ಬೇಡಿ ಅತ್ತಿಗೆ," ಎಂದ, ಬಹಳ ಮೆಲ್ಲಗೆ. "ಅಣ್ಣಯ್ಯ ಬದ್ಕಿದ್ದ, ಹೌದ್. ಆ ದನಿ ಕಳ್ಸಿ ಆಮೇಲ್ ಮನ್ಸ್ ತಿರ್ಗಿ, ಈ ಅವಸ್ಥಿಲ್ ನಿಮ್ಗ್ ತೋರ್ಸಬೇಡ ಅಂದ್ ನನ್ ಹತ್ರ ಆಣಿ ಹಾಕ್ಸ್‌ಕಂಡದ್ದೂ, ತನ್ ಬೊಜ್ಜಕ್ಕೆ ದಿನ ಕಾಂಬುಕೆ ಹೇಳಿದ್ದೂ ಅವ್ನೇ."